ಬರೆದದ್ದೆಷ್ಟು, ಓದಿದ್ದೆಷ್ಟು?

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಆಳು ಎರಡು ದಿನ ಕೆಲಸಕ್ಕೆ ಬಾರದಿದ್ದರೆ ರೈಟರು ಇದೇ ಮಾತು ಹೇಳುತ್ತಾನೆ. ಹೆಣ್ಣು ನೋಡಲು ಹೋದವರು ಹಿಂದಿರುಗುವಾಗ ಜೀಪಿನಲ್ಲಿ ಇದನ್ನೇ ಆಡಿಕೊಳ್ಳುತ್ತಾರೆ. ಲೈನ್ ಮನೆಯ ಹುಡುಗ ಹತ್ತನೇ ತರಗತಿಯಲ್ಲಿ ನಪಾಸಾದರೆ ಅದಕ್ಕೂ ಇದೇ ವಿವರಣೆ. ಧಣಿಯ ಮಗ ನಪಾಸಾದರೆ ಮಾತ್ರ ತಪ್ಪು ಮೇಷ್ಟರದು.

ಈಚೆಗೆ ಈ ಗಾದೆ ವಿಜ್ಞಾನದ ಕೋಟು ತೊಟ್ಟುಕೊಂಡಿದೆ. ‘ರಕ್ತದಲ್ಲೇ ಬಂದದ್ದು’ ಎನ್ನುತ್ತಿದ್ದವರು ಈಗ ‘ಜೀನ್‌ನಲ್ಲೇ ಇದೆ’ ಎನ್ನುತ್ತಾರೆ. ಮಾತು ಬದಲಾಗಿದೆ, ಮನಸ್ಸು ಬದಲಾಗಿಲ್ಲ. ಹಣೆಬರಹವೆಂದು ಬ್ರಹ್ಮನ ಮೇಲೆ ಹಾಕುವವರು, ತಕ್ದೀರ್ ಎಂದು ಅಲ್ಲಾಹನ ಮೇಲೆ ಹಾಕುವವರು, ಜೀನ್ ಎಂದು ವಿಜ್ಞಾನಿಗಳ ಮೇಲೆ ಹಾಕುವವರು ಮೂವರೂ ಒಂದು ವಿಷಯದಲ್ಲಿ ಒಂದಾಗುತ್ತಾರೆ: ತಮ್ಮ ಹೊಣೆ ಏನೂ ಇಲ್ಲ ಎನ್ನುವುದರಲ್ಲಿ. ಹಾಗಾದರೆ ಮನುಷ್ಯನಲ್ಲಿ ಹುಟ್ಟುವಾಗಲೇ ಬರೆದಿಟ್ಟದ್ದು ಎಷ್ಟು? ಬರೆದದ್ದನ್ನು ಓದುವವರು ಯಾರು? ನಮ್ಮ ದೇಹದ ಒಂದೊಂದು ಜೀವಕೋಶವೂ ಪ್ರತಿ ಕ್ಷಣ ಮಾಡುತ್ತಿರುವ ಒಂದು ಕೆಲಸದ ಪರಿಚಯವಾದರೆ ಈ ಪ್ರಶ್ನೆಯನ್ನು ಕೇಳುವ ರೀತಿಯೇ ಬದಲಾಗುತ್ತದೆ.

ಜಮೀನಿನ ಮೂಲ ದಾಖಲೆ ಸರಕಾರಿ ಕಚೇರಿಯಿಂದ ಹೊರಗೆ ಬರುವುದಿಲ್ಲ, ನಮಗೆ ಸಿಗುವುದು ನಕಲು. ಜೀವಕೋಶದಲ್ಲೂ ಹಾಗೆಯೇ. ಡಿಎನ್‌ಎ ಎಂಬ ಮೂಲ ದಾಖಲೆ ಕೋಶಕೇಂದ್ರದೊಳಗೇ ಇರುತ್ತದೆ. ಯಾವ ಪ್ರೋಟೀನ್ ಬೇಕೋ ಅದಕ್ಕೆ ಸಂಬಂಧಿಸಿದ ಭಾಗದ ನಕಲು ಮಾತ್ರ ಆರ್‌ಎನ್‌ಎ ರೂಪದಲ್ಲಿ ತಯಾರಾಗುತ್ತದೆ. 1977ರವರೆಗೆ ವಿಜ್ಞಾನಿಗಳು ಈ ನಕಲು ಇದ್ದಹಾಗೆಯೇ ಹೊರಗೆ ಹೋಗಿ ಪ್ರೋಟೀನ್ ಆಗುತ್ತದೆಂದು ನಂಬಿದ್ದರು. ಆ ವರ್ಷ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರ ತಂಡಗಳು ಬೇರೆ ಬೇರೆಯಾಗಿ, ನೆಗಡಿಯಂಥ ರೋಗ ತರುವ ಅಡಿನೋವೈರಸ್ಸನ್ನು ಪರೀಕ್ಷಿಸುವಾಗ ವಿಚಿತ್ರವೊಂದನ್ನು ಕಂಡವು. ಹೊರಬಂದ ನಕಲು ಮೂಲಕ್ಕಿಂತ ಚಿಕ್ಕದಾಗಿತ್ತು. ನಡುನಡುವಿನ ಉದ್ದುದ್ದ ತುಂಡುಗಳನ್ನು ಕತ್ತರಿಸಿ ಎಸೆದು, ಉಳಿದವನ್ನು ಬೆಸೆಯಲಾಗಿತ್ತು. ಎಸೆದ ತುಂಡಿಗೆ ಇಂಟ್ರಾನ್ ಎಂದೂ ಉಳಿದ ತುಂಡಿಗೆ ಎಕ್ಸಾನ್ ಎಂದೂ ಮರುವರ್ಷ ಹೆಸರು ಬಂತು. ಈ ಇಬ್ಬರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕತ್ತರಿಸಿ ಬೆಸೆಯುವ ಈ ಕೆಲಸಕ್ಕೆ ಸ್ಪ್ಲೈಸಿಂಗ್ ಎನ್ನುತ್ತಾರೆ. ಅಕ್ಷರಗಳ ಸಾಲಿನಲ್ಲಿ ಇಂಟ್ರಾನ್ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಗುರುತುಗಳಿವೆ. ಆ ಗುರುತು ಹಿಡಿದು ಕೋಶ ಕತ್ತರಿ ಹಾಕುತ್ತದೆ. ಮುಂದಿನ ತುದಿಗೆ ಒಂದು ಟೋಪಿ, ಹಿಂದಿನ ತುದಿಗೆ ಒಂದು ಬಾಲ ಕೂಡಿಸುತ್ತದೆ. ಟೋಪಿಯೂ ಬಾಲವೂ ಇಲ್ಲದ ನಕಲು ಬೇಗ ಹಾಳಾಗುತ್ತದೆ. ಎಲ್ಲ ಸರಿಯಾದ ಮೇಲೆ ಅದು ಕೋಶಕೇಂದ್ರದಿಂದ ಹೊರಗೆ ಬರುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ಮೈಕ್ರೋ ಆರ್‌ಎನ್‌ಎ ಎಂಬ ಪುಟಾಣಿ ತುಣುಕುಗಳು ಹೊರಬಂದ ಸಂದೇಶದ ಬಾಯಿ ಮುಚ್ಚಿಸಬಲ್ಲವು. ಅವುಗಳನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಬಂತು.

ಎಲ್ಲಕ್ಕಿಂತ ಸೋಜಿಗದ ವಿಷಯವೆಂದರೆ ಒಂದೇ ನಕಲನ್ನು ಬೇರೆ ಬೇರೆ ರೀತಿಯಲ್ಲಿ ಬೆಸೆಯಬಹುದು. ಹಣ್ಣಿನ ನೊಣದ ಒಂದೇ ಒಂದು ಜೀನ್‌ನಿಂದ 38,016 ಬಗೆಯ ಸಂದೇಶಗಳು ಸಾಧ್ಯವೆಂದು ಲೆಕ್ಕ ಹಾಕಿದ್ದಾರೆ. ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20 ಸಾವಿರ. ಮಣ್ಣಿನಲ್ಲಿರುವ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿಗೂ ಹೆಚ್ಚುಕಡಿಮೆ ಅಷ್ಟೇ ಇವೆ. (ಕುಲದ ಹೆಮ್ಮೆ ಕೊಚ್ಚಿಕೊಳ್ಳುವವರು ಈ ಲೆಕ್ಕವನ್ನು ಆಗಾಗ ನೆನೆಯುವುದು ಒಳ್ಳೆಯದು.) ಆದರೆ ನಮ್ಮ ಜೀನ್‌ಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚಿನವನ್ನು ಕೋಶಗಳು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬೆಸೆಯುತ್ತವೆ. ಮಿದುಳಿನ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಮೂಲ ದಾಖಲೆ ಒಂದೇ. ಎರಡೂ ಓದುವುದು ಬೇರೆ ಬೇರೆ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ಪ್ರಯೋಗಾಲಯಕ್ಕೇ ಹೋಗಬೇಕಾಗಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಸಕಲೇಶಪುರದ ಗುಡ್ಡಗಳು ಕಾಫಿ ಹೂವಿನಿಂದ ಬೆಳ್ಳಗಾಗುತ್ತವೆ. ಆಗ ತೋಟಕ್ಕೆ ಹೆಜ್ಜೇನು, ತುಡುವೆ ಜೇನು ಮುತ್ತುತ್ತವೆ. ಅರೇಬಿಕಾ ಗಿಡ ತನ್ನ ಪರಾಗದಿಂದಲೇ ಕಾಯಿ ಕಟ್ಟೀತು. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಗಾಳಿಯ ಜೊತೆಗೆ ಜೇನೂ ಆ ಕೆಲಸ ಮಾಡುತ್ತದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಜೇನಿನ ಪೆಟ್ಟಿಗೆಗಳನ್ನು ಬರಿದು ಮಾಡಿದ್ದು ಮಲೆನಾಡಿನ ಹಿರಿಯರಿಗೆ ನೆನಪಿರಬಹುದು. ಆ ವೈರಸ್ ಕೂಡ ಒಂದು ಆರ್‌ಎನ್‌ಎ ಎಳೆಯೇ. ಜೇನಿನ ಕೋಶದೊಳಗೆ ನುಗ್ಗಿ, ತಾನೇ ಅಲ್ಲಿನ ಸಂದೇಶವೆಂಬಂತೆ ನಟಿಸಿ, ತನ್ನ ಪ್ರೋಟೀನ್ ಮಾಡಿಸಿಕೊಳ್ಳುತ್ತದೆ.

ಜೇನುಗೂಡಿನಲ್ಲಿ ರಾಣಿಯೂ ಕೆಲಸಗಾರ ಜೇನೂ ಒಂದೇ ಬಗೆಯ ಮೊಟ್ಟೆಯಿಂದ ಬರುತ್ತವೆ. ಮೊದಲ ಕೆಲವು ದಿನ ಎಲ್ಲ ಮರಿಗಳಿಗೂ ದಾದಿ ಜೇನುಗಳ ತಲೆಯ ಗ್ರಂಥಿಯಿಂದ ಒಸರುವ ಹಾಲಿನಂಥ ಆಹಾರ ಸಿಗುತ್ತದೆ. ಆಮೇಲೆ ಕೆಲಸಗಾರ ಮರಿಗೆ ಜೇನು, ಪರಾಗ ಬೆರೆಸಿದ ಊಟ. ರಾಣಿಯಾಗಬೇಕಾದ ಮರಿಗೆ ಮಾತ್ರ ಕೊನೆಯವರೆಗೂ ಆ ಹಾಲು ಧಾರಾಳ. ಒಬ್ಬಳು ವರ್ಷಗಟ್ಟಲೆ ಬದುಕಿ ಮೊಟ್ಟೆ ಇಡುತ್ತಾಳೆ, ಮತ್ತೊಬ್ಬಳು ಹೂವಿನ ಕಾಲದಲ್ಲಿ ಕೆಲವೇ ವಾರ ದುಡಿದು ಸಾಯುತ್ತಾಳೆ. ಯುರೋಪಿನ ಜೇನಿನ ಮೇಲೆ ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮರಿಯ ಡಿಎನ್‌ಎ ಮೇಲೆ ರಾಸಾಯನಿಕ ಗುರುತು ಹಾಕುವ ಒಂದೇ ಒಂದು ಕಿಣ್ವದ ಸಂದೇಶವನ್ನು ತಡೆದಾಗ, ಹೆಚ್ಚಿನ ಮರಿಗಳು ರಾಣಿಯ ಲಕ್ಷಣ ಪಡೆದವು. ಮೂಲದ ಒಂದಕ್ಷರವೂ ಬದಲಾಗಿರಲಿಲ್ಲ.

ಕುರ್‌ಆನಿನ ಒಂದು ಅಧ್ಯಾಯಕ್ಕೆ ಜೇನಿನ ಹೆಸರಿದೆ, ಅನ್ನಹ್ಲ್. ಅದರ ಸಂಖ್ಯೆ 16, ಗಂಡು ಜೇನಿನ ವರ್ಣತಂತುಗಳೂ 16 ಎಂದು ತೋರಿಸಿ ಚಪ್ಪಾಳೆ ಗಿಟ್ಟಿಸುವ ಭಾಷಣಗಳನ್ನು ನಾವು ಕೇಳಿದ್ದೇವೆ. ಈ ಬಗೆಯ ಲೆಕ್ಕದಲ್ಲಿ ನಮಗೆ ರುಚಿಯಿಲ್ಲ. ಜೇನಿನಲ್ಲಿ ಚಿಂತಿಸುವವರಿಗೆ ನಿದರ್ಶನವಿದೆ ಎಂಬುದು ಅಲ್ಲಿನ ಆಶಯ. ಚಿಂತಿಸುವುದು ಎಂದರೆ ಎಣಿಸುವುದಲ್ಲ. ಒಂದೇ ಬಗೆಯ ಮೊಟ್ಟೆಯಿಂದ ಬಂದ ಇಬ್ಬರಲ್ಲಿ ಯಾರಿಗೆ ಏನು ಉಣಿಸಿದೆವು ಎಂದು ಕೇಳಿಕೊಂಡರೆ ಆ ನಿದರ್ಶನಕ್ಕೆ ಹೆಚ್ಚು ಹತ್ತಿರವಾದೇವು.

ಆದರೆ ಇಷ್ಟಕ್ಕೇ ನಿಂತರೆ ಅರ್ಧ ಸತ್ಯ ಹೇಳಿದಂತೆ. ಎಲ್ಲವೂ ಪರಿಸರದಲ್ಲಿದೆ, ಬರೆದದ್ದಕ್ಕೆ ಬೆಲೆಯಿಲ್ಲ ಎನ್ನುವಂತಿಲ್ಲ. ಕೆಲವೊಮ್ಮೆ ಒಂದೇ ಅಕ್ಷರ ಒಂದು ಮನೆಯ ಬದುಕನ್ನೇ ತಿರುಗಿಸಿಬಿಡುತ್ತದೆ.

ನಮ್ಮ ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್‌ನ ಒಂದು ಭಾಗ ಬೀಟಾ ಗ್ಲೋಬಿನ್. ಅದರ ಜೀನ್ 11ನೇ ವರ್ಣತಂತುವಿನಲ್ಲಿದೆ. ಮೂರು ಎಕ್ಸಾನ್, ನಡುವೆ ಎರಡು ಇಂಟ್ರಾನ್. ಮೊದಲ ಇಂಟ್ರಾನ್ 130 ಅಕ್ಷರಗಳದ್ದು. ಅದರ ಐದನೆಯ ಅಕ್ಷರ ‘ಜಿ’ ಇರಬೇಕಾದಲ್ಲಿ ‘ಸಿ’ ಇದ್ದರೆ ಕತ್ತರಿ ಹಾಕುವ ಗುರುತು ಮಸುಕಾಗುತ್ತದೆ. ಕೋಶ ಗೊಂದಲಗೊಂಡು ಬೇರೆಲ್ಲೋ ಕತ್ತರಿಸುತ್ತದೆ. ಸರಿಯಾದ ಸಂದೇಶ ಬಹಳ ಕಡಿಮೆ ತಯಾರಾಗುತ್ತದೆ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾ ತರುವ ದೋಷಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ನೆನಪಿಡಿ, ಈ ಅಕ್ಷರ ಇರುವುದು ಎಸೆದುಬಿಡುವ ಭಾಗದಲ್ಲಿ. ಪ್ರೋಟೀನ್‌ಗೆ ಅದರಿಂದ ಏನೂ ಹೋಗುವುದಿಲ್ಲ. ಕೆಟ್ಟದ್ದು ಓದುವ ಕ್ರಮ ಮಾತ್ರ.

ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ದೋಷ ಬಂದರೆ ಆ ಮಗು ವಾಹಕ. ಸ್ವಲ್ಪ ರಕ್ತ ಕಡಿಮೆ ಇರಬಹುದು, ಉಳಿದಂತೆ ಎಲ್ಲರಂತೆ ಓದಿ, ದುಡಿದು, ಮಕ್ಕಳನ್ನು ಹೆತ್ತು ಬದುಕಬಹುದು. ವಾಹಕರಿಬ್ಬರು ಮದುವೆಯಾದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ, ಮಗುವಿಗೆ ಇಬ್ಬರಿಂದಲೂ ದೋಷ ಬರುತ್ತದೆ. ಆ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಜೀವನವಿಡೀ. ರಕ್ತದ ಜೊತೆ ಬರುವ ಕಬ್ಬಿಣ ಹೃದಯ, ಯಕೃತ್ತುಗಳಲ್ಲಿ ಸೇರದಂತೆ ಔಷಧಿ ಬೇರೆ. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಜನ ವಾಹಕರೆಂದು ಅಂದಾಜು. ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಥಲಸ್ಸೇಮಿಯಾವನ್ನೂ ಪಟ್ಟಿಗೆ ಸೇರಿಸಿಕೊಂಡಿದೆ.

ಸಕಲೇಶಪುರ, ಆಲೂರು ಭಾಗಕ್ಕೆ ಈ ವಿಷಯ ಇನ್ನೊಂದು ದಾರಿಯಿಂದಲೂ ಬಂದಿದೆ. ತೋಟದ ಲೈನುಗಳಲ್ಲಿ ಈಗ ಅಸ್ಸಾಂ, ಪಶ್ಚಿಮ ಬಂಗಾಳ ಕಡೆಯಿಂದ ಬಂದ ಕುಟುಂಬಗಳಿವೆ. ಈಶಾನ್ಯ ಭಾರತದಲ್ಲಿ ಹಿಮೋಗ್ಲೋಬಿನ್-ಇ ಎಂಬ ಬಗೆ ಬಹಳ ಸಾಮಾನ್ಯ. ಅಲ್ಲೂ ಒಂದೇ ಅಕ್ಷರದ ಬದಲಾವಣೆ. ಅದು ಪ್ರೋಟೀನ್‌ನ ಒಂದು ಘಟಕವನ್ನು ಬದಲಿಸುವುದರ ಜೊತೆಗೆ ಕೋಶಕ್ಕೆ ಕತ್ತರಿ ಹಾಕುವ ಸುಳ್ಳು ಗುರುತೊಂದನ್ನೂ ತೋರಿಸುತ್ತದೆ. ಬರೀ ಹಿಮೋಗ್ಲೋಬಿನ್-ಇ ಇದ್ದವರಿಗೆ ತೊಂದರೆ ಅಷ್ಟಿಲ್ಲ. ತಂದೆಯಿಂದ ಅದು, ತಾಯಿಯಿಂದ ಥಲಸ್ಸೇಮಿಯಾ ಬಂದರೆ ಕೆಲವು ಮಕ್ಕಳಿಗೆ ರೋಗ ಗಂಭೀರವಾಗುತ್ತದೆ. ಈ ಕುಟುಂಬಗಳ ಬಗ್ಗೆ ನಮ್ಮ ಪೇಟೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಇವರು ಎಲ್ಲಿಯವರು, ಕಾಗದ ಇದೆಯೇ? ಇವರ ಮಗು ಯಾಕೆ ಇಷ್ಟು ಬಿಳಿಚಿಕೊಂಡಿದೆ ಎಂದು ಕೇಳಿದವರು ಕಡಿಮೆ.

ದೋಷ ಎಂಬ ಪದವನ್ನು ಮೇಲೆ ಬಳಸಿದೆವು. ಆದರೆ ಅದನ್ನು ಒಂದಿಷ್ಟು ಬಿಡಿಸಿ ನೋಡಬೇಕು. ಥಲಸ್ಸೇಮಿಯಾ ವಾಹಕರು ಮಲೇರಿಯಾ ಇದ್ದ ಸೀಮೆಗಳಲ್ಲೇ ಹೆಚ್ಚು ಇರುವುದೇಕೆ ಎಂದು 1949ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಒಂದು ಊಹೆ ಮುಂದಿಟ್ಟರು. ಅರ್ಧ ದೋಷ ಇದ್ದವರನ್ನು ಮಲೇರಿಯಾ ಅಷ್ಟು ಸುಲಭವಾಗಿ ಕೊಲ್ಲಲಾರದು ಎಂಬುದು ಅದರ ತಿರುಳು. ಆಮೇಲಿನ ಅಧ್ಯಯನಗಳು ಅದನ್ನು ಬಹುಮಟ್ಟಿಗೆ ಎತ್ತಿಹಿಡಿದವು. (ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.) ಮಲೆನಾಡಿನ ಚಳಿಜ್ವರದ ಕಾಲವನ್ನು ಕಂಡವರಿಗೆ ಇದರ ಅರ್ಥ ಬೇಗ ಆದೀತು. ಒಂದು ಕಾಲದಲ್ಲಿ ಮಕ್ಕಳನ್ನು ಉಳಿಸಿದ್ದೇ ಇನ್ನೊಂದು ಕಾಲದಲ್ಲಿ ಮಕ್ಕಳನ್ನು ಕಾಡುತ್ತಿದೆ. ಇದರಲ್ಲಿ ಪಾಪ ಯಾರದು, ಶಾಪ ಯಾರದು?

ಆದರೂ ನಮ್ಮ ಮನೆಗಳಲ್ಲಿ ಶಾಪ ಹಾಕಿಸಿಕೊಳ್ಳುವವಳು ಹೆಣ್ಣು. ಇಬ್ಬರಿಂದಲೂ ಬರದೆ ಈ ರೋಗ ಬರುವುದೇ ಇಲ್ಲ. ಹಾಗಿದ್ದೂ ‘ಇವಳು ಕಾಲಿಟ್ಟ ಮೇಲೆ ಹೀಗಾಯಿತು’ ಎಂಬ ಮಾತು ಸೊಸೆಗೆ ಮಾತ್ರ. ಹುಡುಗಿ ವಾಹಕಳೆಂದು ತಿಳಿದ ಕೂಡಲೇ ಹುಡುಗನ ಪರೀಕ್ಷೆಯನ್ನೂ ಮಾಡಿಸದೆ ಸಂಬಂಧ ಮುರಿದವರಿದ್ದಾರೆ. ಮುಚ್ಚಿಟ್ಟು ಮದುವೆ ಮಾಡಿದವರೂ ಇದ್ದಾರೆ. ಎರಡೂ ಅನ್ಯಾಯವೇ. ದನ ಮಾರುವಾಗ ದೋಷ ಮುಚ್ಚಿಡಬಾರದೆಂದು ತಿಳಿದಿರುವ ನಾವು, ಎರಡು ಜೀವಗಳ ಒಪ್ಪಂದದಲ್ಲಿ ಮುಚ್ಚಿಡುತ್ತೇವೆ. ಅದೇ ಹೊತ್ತಿಗೆ ಮಗಳನ್ನು ದನದಂತೆ ಪರೀಕ್ಷೆಗೆ ನಿಲ್ಲಿಸುತ್ತೇವೆ.

ರಕ್ತಸಂಬಂಧದ ಮದುವೆಯ ಮಾತನ್ನೂ ಇಲ್ಲಿ ಬಿಡುವಂತಿಲ್ಲ. ದೇಶದಲ್ಲಿ ಅಂಥ ಮದುವೆ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕ ಒಂದು. ಸೋದರಮಾವನಿಗೆ ಕೊಡುವ ಹಿಂದೂ ಮನೆಗಳೂ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳಲ್ಲೇ ತರುವ ಮುಸ್ಲಿಂ ಮನೆಗಳೂ ಇದರಲ್ಲಿ ಪಾಲುದಾರರು. ಇಸ್ಲಾಮಿನಲ್ಲಿ ಚಿಕ್ಕಪ್ಪನ ಮಗಳನ್ನು ಮದುವೆಯಾಗಲು ಅನುಮತಿ ಇದೆ. ಅನುಮತಿ ಎಂದರೆ ಆಜ್ಞೆಯಲ್ಲ. ಒಂದೇ ಅಜ್ಜನಿಂದ ಬಂದ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಇಂಥ ಜೋಡಿಯಲ್ಲಿ ಹೆಚ್ಚು. ಜೇನುಗೂಡಿನಲ್ಲೂ ಇದಕ್ಕೆ ಸಮೀಪದ ಸಂಗತಿಯೊಂದಿದೆ. ತಾಯಿಯಿಂದ ಬಂದ ಒಂದು ಜೀನ್ ಮತ್ತು ತಂದೆಯಿಂದ ಬಂದ ಅದೇ ಜೀನ್ ಬೇರೆ ಬೇರೆ ರೂಪದಲ್ಲಿದ್ದರೆ ಮಾತ್ರ ಮುಂದಿನ ಸಂದೇಶದ ಬೆಸುಗೆ ಸರಿಯಾಗಿ ಆಗಿ ಹೆಣ್ಣು ಜೇನು ಹುಟ್ಟುತ್ತದೆ. ಎರಡೂ ಒಂದೇ ರೂಪದ್ದಾದರೆ ಬೆಸುಗೆ ಬೇರೆಯಾಗಿ ಕೆಲಸಕ್ಕೆ ಬಾರದ ಗಂಡು ಮರಿಯಾಗುತ್ತದೆ, ಅದನ್ನು ಗೂಡಿನ ಕೆಲಸಗಾರ ಜೇನುಗಳು ತಿಂದುಹಾಕುತ್ತವೆ. ರಾಣಿ ದೂರ ಹಾರಿ, ಹಲವು ಗಂಡುಗಳ ಜೊತೆ ಕೂಡುವುದರಿಂದ ಈ ಅಪಾಯ ತಗ್ಗುತ್ತದೆ. ನಾವು ಜೇನಲ್ಲ, ನಮ್ಮಲ್ಲಿ ಯಾವ ಮಗುವೂ ಎಸೆಯಬೇಕಾದದ್ದಲ್ಲ. ಅದಕ್ಕಾಗಿಯೇ ಮೊದಲೇ ತಿಳಿದುಕೊಳ್ಳುವ ಹೊಣೆ ನಮ್ಮ ಮೇಲೆ ಹೆಚ್ಚು.

‘ಅಲ್ಲಾಹನು ಬರೆದದ್ದನ್ನು ಪರೀಕ್ಷೆ ಮಾಡಿಸಿ ತಪ್ಪಿಸಲಾದೀತೇ?’ ಎಂದು ಕೇಳುವ ಸಜ್ಜನರಿದ್ದಾರೆ. ಅವರಿಗೆ ಖಲೀಫಾ ಉಮರ್(ರ) ಅವರ ಪ್ರಸಂಗ ಗೊತ್ತಿರಲಾರದೆಂದಲ್ಲ, ನೆನಪಾಗಿರಲಿಕ್ಕಿಲ್ಲ. ಹಿಜರಿ 18ರ ಸುಮಾರಿಗೆ ಸಿರಿಯಾದಲ್ಲಿ ಪ್ಲೇಗ್ ಹರಡಿದಾಗ ಉಮರ್ ಸರ್ಗ್ ಎಂಬಲ್ಲಿಂದಲೇ ಹಿಂದಿರುಗಲು ನಿರ್ಧರಿಸಿದರು. ಅಬೂ ಉಬೈದಾ(ರ) ಅವರಂಥ ಹಿರಿಯ ಸಂಗಾತಿಯೇ, ಇದು ಅಲ್ಲಾಹನ ವಿಧಿಯಿಂದ ಓಡುವುದಲ್ಲವೇ ಎಂದು ಆಕ್ಷೇಪಿಸಿದರು. ಉಮರ್ ಕೊಟ್ಟ ಉತ್ತರದ ಸಾರ: ಓಡುವುದು ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ. ಅದನ್ನು ವಿವರಿಸಲು ಅವರು ಒಂಟೆಯ ಉದಾಹರಣೆ ಕೊಟ್ಟರು. ಕಣಿವೆಯ ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು. ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ವಿಧಿಯೊಳಗೇ ಇದೆ. ಆದರೆ ಹಗ್ಗ ಹಿಡಿದವನಿಗೆ ಕಣ್ಣಿದೆ. ಒಂದೇ ಒಂಟೆ, ಎರಡು ಮೇವು. ಜೇನಿನ ಮರಿಯ ವಿಷಯದಲ್ಲಿ ನಾವು ಕಂಡದ್ದೂ ಇದಕ್ಕಿಂತ ಬಹಳ ಬೇರೆಯೇನಲ್ಲ.

ಆದರೆ ಹಸಿರು ಮಗ್ಗುಲಿಗೆ ಬೇಲಿ ಹಾಕಿದವರೂ ಇದ್ದಾರೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಸ್ನಾಯು ಸೊರಗುವ ರೋಗವಿದೆ. ಅದರಲ್ಲಿ ಮುಖ್ಯ ಜೀನ್ ಕೆಟ್ಟಿರುತ್ತದೆ, ಆದರೆ ಅದರದೇ ಒಂದು ಜೋಡಿ ಜೀನ್ ಉಳಿದಿರುತ್ತದೆ. ಆ ಜೋಡಿಯ ಸಂದೇಶದಲ್ಲಿ ಕೋಶ ಒಂದು ಎಕ್ಸಾನನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ಬಿಡದಂತೆ ಬೆಸೆಯಿಸುವ ಮೊದಲ ಔಷಧಿಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಾಯಿಯಿಂದ ಕುಡಿಯುವ ರಿಸ್ಡಿಪ್ಲಾಮ್ 2020ರಲ್ಲಿ ಬಂತು. ಓದುವ ಕ್ರಮವನ್ನು ಮನುಷ್ಯ ತಿದ್ದಬಲ್ಲನೆಂದು ಇದರಿಂದ ಸಾಬೀತಾಯಿತು. ಆದರೆ ಭಾರತದಲ್ಲಿ ಅದರ ಒಂದು ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿ ಬೆಲೆಯಿತ್ತು. 2025ರಲ್ಲಿ ದಿಲ್ಲಿ ಹೈಕೋರ್ಟ್, ಬಳಿಕ ಸುಪ್ರೀಂ ಕೋರ್ಟ್ ಭಾರತೀಯ ಕಂಪನಿಯೊಂದರ ತಯಾರಿಕೆಗೆ ತಡೆ ಕೊಡಲು ಒಪ್ಪದೆ ಹೋದ ಮೇಲೆ ಅದೇ ಔಷಧಿ 15,900 ರೂಪಾಯಿಗೆ ಮಾರುಕಟ್ಟೆಗೆ ಬಂತು. ಈ ಎರಡು ಬೆಲೆಗಳ ನಡುವಿನ ಅಂತರವನ್ನು ಯಾವ ಜೀನ್‌ನಲ್ಲೂ ಯಾರೂ ಬರೆದಿರಲಿಲ್ಲ.

ಥಲಸ್ಸೇಮಿಯಾಕ್ಕೆ ಬೇಕಾದದ್ದು ಅಷ್ಟು ದುಬಾರಿಯಲ್ಲ, ಕನಿಷ್ಠ ತಡೆಯುವ ಮಟ್ಟಿಗೆ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಕೆಂಪು ಕಣಗಳು ಗಾತ್ರದಲ್ಲಿ ಸಣ್ಣವಾಗಿ ಕಂಡರೆ, ಹಿಮೋಗ್ಲೋಬಿನ್ ಎ2 ಎಷ್ಟಿದೆ ಎಂದು ನೋಡುವ ಇನ್ನೊಂದು ಪರೀಕ್ಷೆ. ಅಷ್ಟೇ. ಇರಾನ್ 1997ರಿಂದ ಮದುವೆಗೆ ಮುಂಚಿನ ಪರೀಕ್ಷೆಯನ್ನು ದೇಶಕ್ಕೆಲ್ಲ ಜಾರಿ ಮಾಡಿತು. ಸೌದಿ ಅರೇಬಿಯಾದಲ್ಲಿ 2004ರಿಂದ ಅದು ಕಡ್ಡಾಯ. ಅಲ್ಲಿ ಇಬ್ಬರೂ ವಾಹಕರೆಂದು ತಿಳಿದ ಜೋಡಿಗಳಲ್ಲಿ ಮೊದಲ ವರ್ಷ ಮದುವೆ ಕೈಬಿಟ್ಟವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ, 2009ರ ಹೊತ್ತಿಗೆ ಅರ್ಧದಷ್ಟು. ಕಾನೂನು ಪರೀಕ್ಷೆ ಮಾಡಿಸಿತು, ಮದುವೆ ತಡೆಯಲಿಲ್ಲ. ಜನ ತಿಳಿದುಕೊಳ್ಳಲು ಐದು ವರ್ಷ ಹಿಡಿಯಿತು. ಗರ್ಭದಲ್ಲಿ ಪತ್ತೆಯಾದರೆ ಮುಂದೇನು ಎಂಬುದು ಬಹಳ ಕಠಿಣ ಪ್ರಶ್ನೆ. 120 ದಿನಗಳ ಗಡಿಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ, ಅದನ್ನು ಇಲ್ಲಿ ತೀರ್ಮಾನಿಸಲು ನಾವು ಹೊರಟಿಲ್ಲ. ಮದುವೆಯ ಮಾತಿಗೂ ಮುಂಚೆ ತಿಳಿದವರು ಆ ಕವಲಿಗೆ ಬಾರದೆ ಇರಬಹುದು.

ನಮಗೆ ಹೆಚ್ಚು ಹಿಡಿಸಿದ್ದು ಸೈಪ್ರಸ್ ದ್ವೀಪದ ಕ್ರಮ. ಅಲ್ಲಿನ ಚರ್ಚ್ 1980ರ ದಶಕದಿಂದ ಮದುವೆಗೆ ಮುಂಚೆ ಪ್ರಮಾಣಪತ್ರ ಕೇಳುತ್ತದೆ. ಅದರಲ್ಲಿ ಇರುವುದು, ಇವರಿಬ್ಬರೂ ಪರೀಕ್ಷೆ ಮಾಡಿಸಿ ಸಲಹೆ ಪಡೆದಿದ್ದಾರೆ ಎಂಬಷ್ಟೇ ಮಾತು. ಫಲಿತಾಂಶ ಪಾದ್ರಿಗೂ ತಿಳಿಯುವುದಿಲ್ಲ. ನಮ್ಮ ಜಮಾಅತ್‌ಗಳೂ ದೇವಸ್ಥಾನ, ಕಲ್ಯಾಣ ಮಂಟಪಗಳ ಸಮಿತಿಗಳೂ ಇಂಥದ್ದನ್ನು ಯೋಚಿಸಬಹುದು. ಆದರೆ ಇಷ್ಟನ್ನೇ ಯೋಚಿಸಬೇಕು. ಯಾರ ಮನೆಯ ಹುಡುಗಿ ವಾಹಕಳು ಎಂಬ ಪಟ್ಟಿ ಸಮಿತಿಯ ಬೀರುವಿನಲ್ಲಿ ಕೂತರೆ ಅದು ಆರೋಗ್ಯದ ಕೆಲಸವಾಗಿ ಉಳಿಯುವುದಿಲ್ಲ. ಪರೀಕ್ಷೆ ಹುಡುಗನಿಂದ ಶುರುವಾಗಲಿ ಎಂಬುದು ನಮ್ಮ ಸಲಹೆ. ಹುಡುಗ ವಾಹಕನಲ್ಲದಿದ್ದರೆ ಹುಡುಗಿಯ ರಕ್ತ ತೆಗೆಯುವ ಪ್ರಶ್ನೆಯೇ ಬರುವುದಿಲ್ಲ.

ಲೈನ್ ಮನೆಗಳ ಮಾತು ಇನ್ನೂ ಉಳಿದಿದೆ. ಅಲ್ಲಿನ ಹೆಂಗಸರು ಮದುವೆಯಾಗಿಯೇ ಬಂದಿರುತ್ತಾರೆ, ಅವರಿಗೆ ಪರೀಕ್ಷೆ ಆಗಬೇಕಾದದ್ದು ಬಸಿರಿನ ಮೊದಲ ತಿಂಗಳುಗಳಲ್ಲಿ. ಆದರೆ ಐದು ತಿಂಗಳು ಕಳೆದ ಮೇಲೆ ಆಸ್ಪತ್ರೆ ಕಾಣುವವರೇ ಹೆಚ್ಚು. ಭಾಷೆ ಬಾರದು, ಕಾರ್ಡು ಊರಲ್ಲಿ, ಹಾಸನದ ವೈದ್ಯಕೀಯ ಕಾಲೇಜು ಸಕಲೇಶಪುರದಿಂದ 40 ಕಿಲೋಮೀಟರ್. ಗಂಡ ಹೆಂಡತಿ ಇಬ್ಬರೂ ಹೋದರೆ ಎರಡು ಆಳಿನ ಕೂಲಿ ಹೋಯಿತು. ಹಣ್ಣು ಕುಯ್ಯುವ ಕಾಲದಲ್ಲಿ ಆ ಒಂದು ದಿನದ ಕೂಲಿ ಹಿಡಿಯದೆ, ತೋಟದ ಜೀಪಿನಲ್ಲೇ ಅವರನ್ನು ಕಳಿಸಿಕೊಡಲು ಎಷ್ಟು ಎಸ್ಟೇಟುಗಳು ಮುಂದಾಗುತ್ತವೆ ಎಂದು ಕಾಫಿ ಬೆಳೆಗಾರರ ಸಂಘಗಳು ತಮ್ಮ ಮುಂದಿನ ಸಭೆಯಲ್ಲಿ ಕೇಳಿ ನೋಡಲಿ.